ಲೆ ಕಾರೆ: ಗೂಢಚಾರ ಕಾದಂಬರಿ ಬರೆದನೋ, ಕಾದಂಬರಿಕಾರ ಗೂಢಚಾರನಾದನೋ?

ಮೂಲೆಸೀಟು

ಒಂದು ವಾರದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಯಾರ ಜೊತೆಯಾದರೂ ಮಾತಾಡಲೇಬೇಕು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಉದ್ದ ಇದೆ, ಬೈಯಬೇಡಿ.

ಬೇಹುಗಾರಿಕೆ ಕಾದಂಬರಿಗಳಿಗೆ ಹೆಸರಾದ ಜಾನ್ ಲೆ ಕಾರೆ ಅನ್ನುವ ಮನುಷ್ಯ ಯಾವತ್ತೂ ಇರಲಿಲ್ಲ. ಇದ್ದವನು ಡೇವಿಡ್ ಕಾರ್ನ್‌ವೆಲ್. 1931ರಲ್ಲಿ ಇಂಗ್ಲೆಂಡಿನ ಪೂಲ್‌ನಲ್ಲಿ ಹುಟ್ಟಿದ. ಆಕ್ಸ್‌ಫರ್ಡಿನಲ್ಲಿ ಓದಿದ, ಈಟನ್ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿದ. 1958ರಲ್ಲಿ ಎಂಐ5 ಸೇರಿದ. ಅದು ದೇಶದ ಒಳಗಿನ ಬೇಹುಗಾರಿಕೆ. ಎರಡು ವರ್ಷದ ನಂತರ ಹೊರದೇಶದ ಕೆಲಸ ನೋಡುವ ಎಂಐ6ಗೆ ಹೋದ. ಪಶ್ಚಿಮ ಜರ್ಮನಿಯ ಬಾನ್‌ನಲ್ಲಿ ಅವನ ಹುದ್ದೆ ರಾಯಭಾರ ಕಚೇರಿಯ ಎರಡನೇ ಕಾರ್ಯದರ್ಶಿ. ಅದು ಬಾಗಿಲ ಮೇಲಿನ ಫಲಕ ಮಾತ್ರ.

ಅಲ್ಲಿದ್ದಾಗಲೇ, 1961ರ ಆಗಸ್ಟ್‌ನಲ್ಲಿ, ಬರ್ಲಿನ್ ಗೋಡೆ ಎದ್ದಿತು. ಅದನ್ನು ಕಣ್ಣಾರೆ ನೋಡಿ ಬಂದು ಮೂರನೇ ಕಾದಂಬರಿ ಶುರು ಮಾಡಿದ. ಬೆಳಗಿನ ಜಾವ ಮನೆಯಲ್ಲಿ, ಕಚೇರಿಯಲ್ಲಿ ಬಿಡುವಾದಾಗ, ಕೊನೆಗೆ ರೈನ್ ನದಿ ದಾಟುವ ದೋಣಿಯ ಮೇಲೆ ಕಾರಿನ ಸ್ಟೀರಿಂಗ್ ಮುಂದೆ ಕೂತು ಕೂಡ ಬರೆದ. ಐದಾರು ವಾರದಲ್ಲಿ ಮುಗಿಸಿದನಂತೆ. 1963ರಲ್ಲಿ ಬಂದ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್' ಅದೇ.

ನನ್ನನ್ನು ಹಿಡಿದಿರುವುದು ಈ ಭಾಗ. ಹಸ್ತಪ್ರತಿಯನ್ನು ಮೊದಲು ಇಲಾಖೆಗೇ ತೋರಿಸಬೇಕಿತ್ತು. ತೋರಿಸಿದ. ಅವರು ಓದಿ, ಇದೆಲ್ಲ ಬರೀ ಕಲ್ಪನೆ, ಗುಟ್ಟೇನೂ ಹೊರಬಿದ್ದಿಲ್ಲ ಎಂದು ಒಪ್ಪಿಗೆ ಕೊಟ್ಟರು. ಅಂದರೆ ನಿಜವಲ್ಲ ಎಂಬ ಕಾರಣಕ್ಕೇ ಪುಸ್ತಕ ಅಚ್ಚಾಯಿತು. ಜಗತ್ತು ಮಾತ್ರ ಇದೇ ನಿಜ ಎಂದು ಓದಿತು. ಒಳಗಿನವನೇ ಬರೆದಿದ್ದಾನೆ ಎಂಬ ಗುಮಾನಿ ಹಬ್ಬಿತು. ಅವನು ನಾನು ಗೂಢಚಾರನೇ ಅಲ್ಲ, ಸಾದಾ ಸರಕಾರಿ ನೌಕರ ಎಂದ. ಅದು ಸುಳ್ಳು. ಎಷ್ಟೋ ವರ್ಷ ಅದೇ ಸುಳ್ಳು ಹೇಳಿದ.

ಪುಸ್ತಕ ಸುಳ್ಳು, ಓದುಗರು ನಿಜ ಎಂದರು. ಅವನ ಕೆಲಸ ನಿಜ, ಅವನು ಸುಳ್ಳು ಎಂದ. ಇಂಥ ಮನುಷ್ಯ ಯಾರಿಗಾದರೂ ಯಾವತ್ತಾದರೂ ನಿಜ ಹೇಳಿದ್ದನಾ? ನಿಮಗೇನನ್ನಿಸುತ್ತದೆ?

ಹುಣಸೆಬೀಜ

ಒಳ್ಳೆ ವಿಷಯ, ಆದರೆ ಜಾಸ್ತಿ ಮರುಳಾಗಬೇಡಿ. ಅವನು ಇಲಾಖೆಯಲ್ಲಿದ್ದದ್ದು ಎಲ್ಲ ಸೇರಿ ಆರು ವರ್ಷ. 1964ಕ್ಕೆ ಬಿಟ್ಟ. ಬರೆದದ್ದು ಸುಮಾರು ಅರವತ್ತು ವರ್ಷ. ಆರು ವರ್ಷದ ನೌಕರಿಯನ್ನು ಅರವತ್ತು ವರ್ಷ ಮಾರಿದ ಅನ್ನಿ. ಗೂಢಚಾರ ಅನ್ನುವುದು ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿ, ಅಷ್ಟೇ.

ಮೂಲೆಸೀಟು

ಆರು ವರ್ಷ ಅಲ್ಲ. ಲೆಕ್ಕ ಹಿಂದಿನಿಂದ ಹಾಕಬೇಕು. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಸ್ವಿಟ್ಜರ್‌ಲೆಂಡಿನ ಬರ್ನ್‌ಗೆ ಹೋದ, ಅಲ್ಲೇ ಬ್ರಿಟಿಷರಿಗೆ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟಿದ್ದ. ಆಮೇಲೆ ಸೇನೆಯ ಗುಪ್ತಚರ ದಳದ ಲೆಕ್ಕದಲ್ಲಿ ಆಸ್ಟ್ರಿಯಾದಲ್ಲಿದ್ದ. ಪೂರ್ವದ ಕಡೆಯಿಂದ ಗಡಿ ದಾಟಿ ಬಂದವರನ್ನು ವಿಚಾರಿಸುವುದು ಕೆಲಸ. ಆಕ್ಸ್‌ಫರ್ಡಿನಲ್ಲಿ ಎಡಪಂಥೀಯ ಹುಡುಗರ ಜೊತೆ ಬೆರೆತು, ಅವರ ಸುದ್ದಿಯನ್ನು ಎಂಐ5ಗೆ ಮುಟ್ಟಿಸುತ್ತಿದ್ದ. ಜೊತೆಗೆ ಊಟ ಮಾಡಿದ ಗೆಳೆಯರ ಬಗ್ಗೆ! ಇದನ್ನೆಲ್ಲ ಸೇರಿಸಿದರೆ ಹದಿನೈದು ವರ್ಷದ ಹತ್ತಿರ ಬರುತ್ತದೆ, ಅದೂ ಮನುಷ್ಯ ರೂಪುಗೊಳ್ಳುವ ವಯಸ್ಸಿನಲ್ಲಿ.

ಅದಕ್ಕೂ ಹಿಂದೆ ಅವನ ಅಪ್ಪ ಇದ್ದಾನೆ. ರಾನಿ ಕಾರ್ನ್‌ವೆಲ್. ಪಕ್ಕಾ ಮೋಸಗಾರ. ವಂಚನೆಗಾಗಿ ಜೈಲಿಗೆ ಹೋಗಿ ಬಂದವನು. ಅಂಥವನು 1950ರಲ್ಲಿ ಸಂಸತ್ತಿನ ಚುನಾವಣೆಗೂ ನಿಂತಿದ್ದ! ಅಮ್ಮ ಆಲಿವ್ ಮಗುವಿಗೆ ಐದು ವರ್ಷ ಆಗಿದ್ದಾಗ ಮನೆ ಬಿಟ್ಟು ಹೋದಳು. ಮತ್ತೆ ಸಿಕ್ಕಿದ್ದು ಅವನಿಗೆ ಇಪ್ಪತ್ತೊಂದಾದಾಗ. ಒಂದು ದಿನ ಮನೆ ತುಂಬ ದುಡ್ಡು, ಮಾರನೇ ದಿನ ಬಾಗಿಲಲ್ಲಿ ಸಾಲಗಾರರು. ಶ್ರೀಮಂತರ ಮಕ್ಕಳ ಜೊತೆ ಓದುತ್ತಾ, ಅಪ್ಪ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಕಥೆ ಕಟ್ಟಬೇಕು. ಹುಡುಗ ಏನು ಕಲಿಯುತ್ತಾನೆ ಹೇಳಿ. ಒಳಗೊಂದು ಹೊರಗೊಂದು. ಇಲಾಖೆ ಅವನಿಗೆ ಎರಡು ಮುಖ ಕೊಡಲಿಲ್ಲ. ಬರುವಾಗಲೇ ತಂದಿದ್ದ. ಇಲಾಖೆ ಸಂಬಳ ಕೊಟ್ಟಿತು, ಅಷ್ಟೇ.

ಬೆಕ್ಕಿನ_ಹೆಜ್ಜೆ

ನಾನು ಇವರದ್ದು ಒಂದೂ ಓದಿಲ್ಲ. ಪತ್ತೇದಾರ ಪುರುಷೋತ್ತಮನಿಗೇ ನನ್ನ ಓದು ನಿಂತಿತ್ತು 😄 ಒಂದು ಪೆದ್ದು ಪ್ರಶ್ನೆ: ಹೆಸರು ಯಾಕೆ ಬದಲಾಯಿಸಿದ್ದು? ಗುಟ್ಟಾಗಿ ಬರೆಯಬೇಕು ಅಂತಾನಾ?

ಕಡತದ_ಧೂಳು

ಪೆದ್ದು ಪ್ರಶ್ನೆ ಅಲ್ಲ. ವಿದೇಶಾಂಗ ಕಚೇರಿಯ ನೌಕರರು ಸ್ವಂತ ಹೆಸರಲ್ಲಿ ಕಾದಂಬರಿ ಅಚ್ಚು ಹಾಕಿಸುವ ಹಾಗಿರಲಿಲ್ಲ. ಅದಕ್ಕೆ ಬೇರೆ ಹೆಸರು. ನಮ್ಮಲ್ಲಿ ಕಾವ್ಯನಾಮ ಅಂದರೆ ಪ್ರೀತಿಯಿಂದ ಇಟ್ಟುಕೊಂಡದ್ದು. ಮಾಸ್ತಿಯವರು ದೊಡ್ಡ ಸರಕಾರಿ ಅಧಿಕಾರಿ, 'ಶ್ರೀನಿವಾಸ' ಎಂದು ಬರೆದರು. ಅದು ಮಾಸ್ತಿಯವರೇ ಎಂದು ಓದುಗರಿಗೆಲ್ಲ ಗೊತ್ತಿತ್ತು. ಇವನದು ನಿಯಮಕ್ಕೆ ಹಾಕಿಕೊಂಡ ಮುಸುಕು.

ತಮಾಷೆ ಏನೆಂದರೆ, ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಬಸ್ಸಿನಲ್ಲಿ ಹೋಗುವಾಗ ಒಂದು ಅಂಗಡಿಯ ಬೋರ್ಡಿನಲ್ಲಿ ನೋಡಿದೆ ಎಂದು ಹೇಳುತ್ತಿದ್ದ. ಆಮೇಲೆ ಅದು ಕಟ್ಟುಕಥೆ ಎಂದು ತಾನೇ ಒಪ್ಪಿಕೊಂಡ. ಹೆಸರೂ ಸುಳ್ಳು, ಹೆಸರಿನ ಕಥೆಯೂ ಸುಳ್ಳು.

ಹುಣಸೆಬೀಜ

ಸರಿ, ಅಪ್ಪನ ವಿಷಯ ಒಪ್ಪಿದೆ. ಆದರೆ ಮೋಸಗಾರನ ಮಕ್ಕಳೆಲ್ಲ ಕಾದಂಬರಿ ಬರೆಯುವುದಿಲ್ಲವಲ್ಲ. ಅಪ್ಪ ಹಾಗಿದ್ದ, ಅದಕ್ಕೆ ಮಗ ಹೀಗಾದ ಎನ್ನುವುದು ತುಂಬಾ ಸುಲಭದ ವಿವರಣೆ. ಅದನ್ನೂ ಹೆಣೆದು ನಮಗೆ ಕೊಟ್ಟವನು ಅವನೇ ಅಲ್ವಾ? ಅಪ್ಪನನ್ನು ಇಟ್ಟುಕೊಂಡು 1986ರಲ್ಲಿ ಒಂದು ದಪ್ಪ ಕಾದಂಬರಿ ಬರೆದ. ಮೂವತ್ತು ವರ್ಷದ ನಂತರ ನೆನಪಿನ ಪುಸ್ತಕ ಬರೆದ, ಅದರಲ್ಲೂ ಅಪ್ಪ. ಸುಳ್ಳು ಹೇಳುವುದೇ ಕಸುಬಾಗಿರುವವನು ತಾನು ಯಾಕೆ ಸುಳ್ಳುಗಾರನಾದೆ ಎಂದು ಹೇಳಿದರೆ ನಂಬಬೇಕಾ?

ಮೂಲೆಸೀಟು

ಈ ಅನುಮಾನ ಅವನಿಗೂ ಇತ್ತು! ತನ್ನ ನೆನಪನ್ನು ತಾನೇ ನಂಬದೆ ಇಬ್ಬರು ಖಾಸಗಿ ಪತ್ತೇದಾರರಿಗೆ ದುಡ್ಡು ಕೊಟ್ಟ. ಅಪ್ಪನ ಬಗ್ಗೆ, ತನ್ನ ಬಗ್ಗೆ ಸಾಕ್ಷಿ, ದಾಖಲೆ ಹುಡುಕಿ ತನ್ನಿ ಎಂದ. ಒಂದು ಪುಟದಲ್ಲಿ ಪತ್ತೇದಾರರು ತಂದ ಸಂಗತಿ, ಎದುರಿನ ಪುಟದಲ್ಲಿ ತನ್ನ ನೆನಪು, ಹಾಗೆ ಪುಸ್ತಕ ಮಾಡುವ ಯೋಚನೆ. ಅದು ಕೈಗೂಡಲಿಲ್ಲ. ತನ್ನ ಬದುಕಿನ ಹಿಂದೆ ತಾನೇ ಬೇಹುಗಾರರನ್ನು ಬಿಟ್ಟ ಇನ್ನೊಬ್ಬ ಲೇಖಕನನ್ನು ನಾನು ಕೇಳಿಲ್ಲ.

ನೀಲಿಶಾಯಿ

ತಡವಾಗಿ ಬಂದೆ. ನೀವೆಲ್ಲ ಲೆ ಕಾರೆ ಒಬ್ಬನೇ ಎಂಬ ಹಾಗೆ ಮಾತಾಡುತ್ತಿದ್ದೀರಿ. ಬ್ರಿಟಿಷರಲ್ಲಿ ಇದೊಂದು ವಂಶಪಾರಂಪರ್ಯ ಕಸುಬು ಅನ್ನಬಹುದು.

ಎಂಐ5ನಲ್ಲಿ ಇವನ ಜೊತೆ ಕೆಲಸ ಮಾಡುತ್ತಿದ್ದ ಜಾನ್ ಬಿಂಗಮ್ ಆಗಲೇ ಕಾದಂಬರಿಕಾರ. ಅದೂ ಸ್ವಂತ ಹೆಸರಿನಲ್ಲಿ. ಇವನಿಗೆ ಬರೆಯುವ ಹುಮ್ಮಸ್ಸು ಬಂದದ್ದು ಅವನನ್ನು ನೋಡಿ. ಲೆ ಕಾರೆಯ ಹಲವು ಕಾದಂಬರಿಗಳಲ್ಲಿ ಬರುವ ಗೂಢಚಾರ ಜಾರ್ಜ್ ಸ್ಮೈಲಿ ಪಾತ್ರಕ್ಕೂ ಬಿಂಗಮ್ ಒಂದು ಮಾದರಿ. ಬಿಂಗಮ್‌ಗೆ ಇದು ಹಿಡಿಸಲಿಲ್ಲ. ಇಲಾಖೆಯನ್ನು ಕೆಟ್ಟದಾಗಿ ತೋರಿಸಿ ದೇಶಕ್ಕೆ ನಷ್ಟ ಮಾಡಿದ ಎಂದು ಕೊನೆತನಕ ನೊಂದುಕೊಂಡ. ಗುರುವನ್ನೇ ಪಾತ್ರ ಮಾಡಿ, ಗುರುವಿಗೇ ಬೇಸರ ಮಾಡಿದ ಶಿಷ್ಯ.

ಅವರಿಗಿಂತ ಮುಂಚೆ ಸಾಮರ್‌ಸೆಟ್ ಮಾಮ್. ಮೊದಲ ಮಹಾಯುದ್ಧದಲ್ಲಿ ಜಿನೀವಾದಲ್ಲಿ ಕೂತು ನಾಟಕ ಬರೆಯುತ್ತಿದ್ದ. ನಾಟಕಕಾರ ಸ್ವಿಟ್ಜರ್‌ಲೆಂಡಿನಲ್ಲಿ ಯಾಕಿದ್ದಾನೆ ಎಂದು ಯಾರೂ ಕೇಳುವುದಿಲ್ಲವಲ್ಲ, ಅದೇ ಲಾಭ. 1917ರಲ್ಲಿ ಅವನನ್ನು ರಷ್ಯಾದ ಪೆಟ್ರೊಗ್ರಾಡ್‌ಗೆ ಕಳಿಸಿದರು. ರಷ್ಯಾ ಯುದ್ಧದಿಂದ ಹಿಂದೆ ಸರಿಯಬಾರದು, ಬೊಲ್ಶೆವಿಕರು ಗೆಲ್ಲಬಾರದು. ಇಷ್ಟನ್ನು ಒಬ್ಬ ನಾಟಕಕಾರ ನೋಡಿಕೊಳ್ಳಬೇಕಂತೆ! ರಷ್ಯಾದ ಆಗಿನ ಪ್ರಧಾನಿ ಕೆರೆನ್‌ಸ್ಕಿ ಕೊಟ್ಟ ಗುಟ್ಟಿನ ಸಂದೇಶ ಹೊತ್ತು ಲಂಡನ್ನಿಗೆ ವಾಪಸ್ ಬಂದ. ಪ್ರಧಾನಿ ಲಾಯ್ಡ್ ಜಾರ್ಜ್ ಮುಂದೆ ಅದನ್ನು ಬಾಯಲ್ಲಿ ಹೇಳಬೇಕು. ಮಾಮ್‌ಗೆ ಉಗ್ಗು. ಅದಕ್ಕೆ ಬರೆದುಕೊಂಡು ಹೋಗಿ ಕೈಗೆ ಕೊಟ್ಟ. ಏನೂ ಉಪಯೋಗವಾಗಲಿಲ್ಲ, ಬೊಲ್ಶೆವಿಕರು ಅಧಿಕಾರ ಹಿಡಿದರು. ಆ ಅನುಭವದ ಕಥೆಗಳು 1928ರಲ್ಲಿ ಪುಸ್ತಕವಾದವು.

ಇನ್ನೊಬ್ಬ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿಯ ಕಥೆ ಕೇಳಿ. ಅದೇ ಯುದ್ಧದಲ್ಲಿ ಗ್ರೀಸಿನಲ್ಲಿ ಬೇಹುಗಾರಿಕೆ ನಡೆಸಿದವನು. 1932ರಲ್ಲಿ ನೆನಪುಗಳನ್ನು ಬರೆದ. ಗುಪ್ತಚರ ಸಂಸ್ಥೆಯ ಮುಖ್ಯಸ್ಥನನ್ನು ಒಳಗಿನವರು 'ಸಿ' ಎಂಬ ಒಂದೇ ಅಕ್ಷರದಿಂದ ಕರೆಯುತ್ತಾರೆ ಎಂಬುದನ್ನೂ ಬರೆದುಬಿಟ್ಟ. ಪುಸ್ತಕವನ್ನು ಮಾರಾಟದಿಂದ ಹಿಂದಕ್ಕೆ ತೆಗೆದುಕೊಂಡರು. ಕೇಸು ಬಿತ್ತು. ನೂರು ಪೌಂಡ್ ದಂಡ, ನೂರು ಪೌಂಡ್ ಖರ್ಚು. ಅವನು ಸುಮ್ಮನೆ ಕೂತನಾ? ಮಾರನೇ ವರ್ಷವೇ ಗುಪ್ತಚರ ಇಲಾಖೆಯನ್ನು ಗೇಲಿ ಮಾಡುವ ಕಾದಂಬರಿ ಬರೆದ. ಅದರಲ್ಲಿ ಇಲಾಖೆಯ ಕಟ್ಟಡ ಕೊನೆಗೆ ಹುಚ್ಚಾಸ್ಪತ್ರೆ ಆಗುತ್ತದೆ.

ಇದೇ ಸ್ವಾರಸ್ಯ. ನಿಜ ಬರೆದಾಗ ಕೋರ್ಟು, ಕಾದಂಬರಿ ಬರೆದಾಗ ಕೈಕಟ್ಟಿ ಕೂತರು.

ಬೆಕ್ಕಿನ_ಹೆಜ್ಜೆ

ಹುಚ್ಚಾಸ್ಪತ್ರೆ 😂😂

ಕಡತದ_ಧೂಳು

ನೀಲಿಶಾಯಿ, ಗ್ರೀನ್ ಹೆಸರು ಹೇಗೆ ಬಿಟ್ಟಿರಿ?

ನೀಲಿಶಾಯಿ

ಬಿಟ್ಟಿಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದೆ.

ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ನಮಗೆ ಹತ್ತಿರದವನು. ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ವಾಪಸ್ ಕಳಿಸಿದರು. ಬೇಸತ್ತ ನಾರಾಯಣ್, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಅಲ್ಲಿದ್ದ ಗೆಳೆಯನಿಗೆ ಮೈಸೂರಿನಿಂದ ಬರೆದರು. ಗೆಳೆಯ ನದಿಗೆ ಎಸೆಯದೆ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕ ಬಂತು. ನಾರಾಯಣ್ ಅವರ ಉದ್ದದ ಹೆಸರನ್ನು ಮೊಟಕು ಮಾಡಿಸಿದವನೂ ಗ್ರೀನೇ.

ಆ ಗ್ರೀನ್ 1941ರಲ್ಲಿ ಎಂಐ6 ಸೇರಿದ. ಅಕ್ಕತಂಗಿಯರಲ್ಲಿ ಒಬ್ಬಳು, ಎಲಿಸಬೆತ್, ಮೊದಲೇ ಅಲ್ಲಿ ಕೆಲಸಕ್ಕಿದ್ದಳು. ಆಫ್ರಿಕಾದ ಫ್ರೀಟೌನ್‌ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದ. ಅವನ ಗುಪ್ತ ಸಂಖ್ಯೆ 59200. ಆಮೇಲೆ 1958ರಲ್ಲಿ ಕ್ಯೂಬಾದ ರಾಜಧಾನಿ ಹವಾನಾದ ಕಾದಂಬರಿ ಬರೆದಾಗ ಅದೇ ಸಂಖ್ಯೆಯನ್ನು ಅದರೊಳಗೆ ತೂರಿಸಿದ. ಗೊತ್ತಿದ್ದವರು ನಗಲಿ ಎಂದು ಇರಬೇಕು.

ಕಡತದ_ಧೂಳು

ಹವಾನಾ ಕಾದಂಬರಿ ನನ್ನ ಅಚ್ಚುಮೆಚ್ಚು. ಕಸ ಹೀರುವ ಯಂತ್ರ ಮಾರುವವನು ಗೂಢಚಾರನಾಗುತ್ತಾನೆ. ಕಳಿಸಲು ಸುದ್ದಿ ಇಲ್ಲ, ಖರ್ಚಿಗೆ ದುಡ್ಡು ಬೇಕು. ಇಲ್ಲದ ಏಜೆಂಟರನ್ನು ಹುಟ್ಟಿಸುತ್ತಾನೆ. ಯಂತ್ರದ ಬಿಡಿಭಾಗಗಳ ಚಿತ್ರ ಬರೆದು ಇದು ಬೆಟ್ಟದಲ್ಲಿರುವ ರಹಸ್ಯ ಆಯುಧ ಎಂದು ಕಳಿಸುತ್ತಾನೆ. ಲಂಡನ್‌ನವರು ನಂಬುತ್ತಾರೆ.

ನಾನು ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಕಡತ ತಿರುವಿದವನು. ಯಾವ ಕಚೇರಿ ಎಂದು ಕೇಳಬೇಡಿ. ನಮ್ಮಲ್ಲಿ ಒಬ್ಬ ಮಹಾನುಭಾವರಿದ್ದರು. ಸ್ಥಳ ತನಿಖೆಗೆ ಹೋಗದೆಯೇ ತನಿಖಾ ವರದಿ ಬರೆಯುತ್ತಿದ್ದರು. ಏನು ಬರವಣಿಗೆ! ದಾರಿಯಲ್ಲಿ ಸಿಕ್ಕ ಮುದುಕನ ಮಾತು, ಕೆರೆಯ ಏರಿಯ ಬಿರುಕು, ಎಲ್ಲ ಇರುತ್ತಿತ್ತು. ನಿಜವಾಗಿ ಹೋಗಿ ಬಂದವರ ವರದಿ ಸಪ್ಪೆ. ಇವರದ್ದು ಓದಿದರೆ ಕಣ್ಣಿಗೆ ಕಟ್ಟುತ್ತಿತ್ತು. ಮೇಲಿನವರು ಯಾವಾಗಲೂ ಇವರದ್ದನ್ನೇ ಮೆಚ್ಚುತ್ತಿದ್ದರು. ಗ್ರೀನ್ ಬರೆದದ್ದು ತಮಾಷೆ ಅಲ್ಲ ಸ್ವಾಮಿ, ಅದು ಕಚೇರಿಯ ಸತ್ಯ.

ನೀಲಿಶಾಯಿ

ನಿಮ್ಮ ಮಹಾನುಭಾವರನ್ನು ಮೀರಿಸಿದವನೊಬ್ಬ ನಿಜವಾಗಿಯೂ ಇದ್ದ. ಹ್ವಾನ್ ಪುಜೋಲ್, ಬಾರ್ಸಿಲೋನಾದವನು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಹತ್ತಿರ ಹೋಗಿ ಗೂಢಚಾರನಾಗುತ್ತೇನೆ ಎಂದ. ಬೇಡ ಎಂದರು. ಜರ್ಮನರ ಹತ್ತಿರ ಹೋದ, ಬಾ ಎಂದರು. ಇಂಗ್ಲೆಂಡಿಗೆ ಹೋಗುತ್ತೇನೆ ಎಂದು ಹೇಳಿ ಹೋಗಿ ಕೂತದ್ದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ. ಪ್ರವಾಸಿಗರ ಕೈಪಿಡಿ, ರೈಲಿನ ವೇಳಾಪಟ್ಟಿ ಇಟ್ಟುಕೊಂಡು ಇಂಗ್ಲೆಂಡಿನಿಂದ ಬರೆದ ಹಾಗೆ ವರದಿ ಕಳಿಸಿದ. ಅಲ್ಲಿನ ಜನ ವೈನ್‌ಗಾಗಿ ಏನು ಬೇಕಾದರೂ ಮಾಡುತ್ತಾರೆ ಎಂದು ಗ್ಲಾಸ್ಗೋ ಬಗ್ಗೆ ಬರೆದಿದ್ದ. ಸ್ಪೇನಿನವನಿಗೆ ಹೊಳೆದದ್ದು ಅದೇ! ಜರ್ಮನರು ಅದನ್ನೂ ನುಂಗಿದರು.

ಕೊನೆಗೆ 1942ರಲ್ಲಿ ಬ್ರಿಟಿಷರೇ ಕರೆಸಿಕೊಂಡರು. ಗುಪ್ತನಾಮ 'ಗಾರ್ಬೋ'. ಅವನೂ ಅವನ ಮೇಲ್ವಿಚಾರಕ ಟೋಮಸ್ ಹ್ಯಾರಿಸ್ ಕೂಡ ಸೇರಿ ಇಲ್ಲದ 27 ಏಜೆಂಟರನ್ನು ಸೃಷ್ಟಿಸಿದರು. ಒಬ್ಬೊಬ್ಬನಿಗೂ ಊರು, ಕಸುಬು, ಸ್ವಭಾವ. ಲಿವರ್‌ಪೂಲ್‌ನ 'ಏಜೆಂಟ್' ಒಂದು ಹಡಗು ಪಡೆಯ ಸುದ್ದಿ ಯಾಕೆ ಕಳಿಸಲಿಲ್ಲ ಎಂದು ಜರ್ಮನರು ಕೇಳುವ ಮುಂಚೆ ಅವನಿಗೆ ಕಾಯಿಲೆ ಬರಿಸಿ ಸಾಯಿಸಿದರು. ಪತ್ರಿಕೆಯಲ್ಲಿ ಸಾವಿನ ಸುದ್ದಿ ಹಾಕಿಸಿದರು. ಜರ್ಮನರು ಆ ಇಲ್ಲದವನ ಇಲ್ಲದ ವಿಧವೆಗೆ ಪಿಂಚಣಿ ಕೊಟ್ಟರು!

1944ರಲ್ಲಿ ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದಾಗ, ಇದು ಬರೀ ನಾಟಕ, ನಿಜವಾದ ದಾಳಿ ಅದೇ ದೇಶದ ಇನ್ನೊಂದು ತೀರವಾದ ಕಲೇಯ ಕಡೆಯಿಂದ ಬರುತ್ತದೆ ಎಂದು ನಂಬಿಸಿದವರಲ್ಲಿ ಇವನದು ದೊಡ್ಡ ಪಾಲು. ಜರ್ಮನರಿಂದ ಐರನ್ ಕ್ರಾಸ್, ಬ್ರಿಟಿಷರಿಂದ ಎಂಬಿಇ. ಎರಡೂ ಕಡೆ ಬಿರುದು. ಒಂದು ಕಾದಂಬರಿಯೂ ಬರೆಯದ ಕಾದಂಬರಿಕಾರ.

ಗ್ರೀನ್ ಲಂಡನ್ನಿನಲ್ಲಿ ಪೋರ್ಚುಗಲ್ ವಿಭಾಗ ನೋಡುತ್ತಿದ್ದ. ಹವಾನಾ ಕಾದಂಬರಿಯ ಬೀಜ ಲಿಸ್ಬನ್ನಿನ ಇಂಥ ವರದಿಗಳದ್ದು.

ಓದೋದೇ_ಕೆಲಸ

ಗಂಡಸರ ಪಟ್ಟಿ ಮುಗಿಯಿತಾ? ಇವರೆಲ್ಲರಿಗಿಂತ ಹಿಂದೆ ಒಬ್ಬ ಹೆಂಗಸು ಇದ್ದಳು. ಆಫ್ರಾ ಬೆನ್. 1666ರಲ್ಲಿ ಎರಡನೇ ಚಾರ್ಲ್ಸ್ ದೊರೆಯ ಕಡೆಯಿಂದ ಆಂಟ್‌ವರ್ಪ್‌ಗೆ ಹೋದಳು. ಗುಪ್ತನಾಮ ಆಸ್ಟ್ರಿಯಾ. ದೇಶದ ಹೆಸರಲ್ಲ, ಗ್ರೀಕ್ ದೇವತೆಯ ಹೆಸರು. ಸರಕಾರ ದುಡ್ಡು ಕಳಿಸಲಿಲ್ಲ. ಸಾಲ ಮಾಡಿ ಊರಿಗೆ ಬಂದಳು, ಸಾಲಕ್ಕೆ ಜೈಲಿನ ಬೆದರಿಕೆ. ಆಮೇಲೆ ಹೊಟ್ಟೆಪಾಡಿಗೆ ನಾಟಕ ಬರೆದಳು, 1688ರಲ್ಲಿ ಗುಲಾಮನಾದ ರಾಜಕುಮಾರನ ಕಾದಂಬರಿ ಬರೆದಳು. ಗೂಢಚಾರಿಕೆಯ ಸಂಬಳ ಸರಿಯಾಗಿ ಬಂದಿದ್ದರೆ ಅವಳು ಬರೆಯುತ್ತಿದ್ದಳೋ ಇಲ್ಲವೋ.

ಸರಿ, ಈಗ ಮೂಲ ವಿಷಯಕ್ಕೆ. ಮೂಲೆಸೀಟು ಅವರೇ, ನೀವು ಲೆ ಕಾರೆಗೆ ಎರಡು ಮುಖ ಎಂದಿರಿ. ಮೂರನೆಯದನ್ನು ಬಿಟ್ಟಿರಿ.

ಮೊದಲ ಹೆಂಡತಿಯ ಜೊತೆ 1954ರಲ್ಲಿ ಮದುವೆ, 1971ರಲ್ಲಿ ವಿಚ್ಛೇದನ. 1972ರಲ್ಲಿ ಜೇನ್ ಜೊತೆ ಮದುವೆ. ಈ ವರ್ಷಗಳ ಉದ್ದಕ್ಕೂ ಬೇರೆ ಹೆಂಗಸರು. ಒಬ್ಬಿಬ್ಬರಲ್ಲ. ಜೀವನಚರಿತ್ರೆ ಬರೆದ ಆಡಮ್ ಸಿಸ್ಮನ್‌ಗೆ ಇದೆಲ್ಲ ಗೊತ್ತಿತ್ತು. 2015ರ ಪುಸ್ತಕದಲ್ಲಿ ಅದು ಇಲ್ಲ, ಬೇಡ ಎಂದು ತಡೆದವನು ಲೆ ಕಾರೆ. 2020ರ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ. ಎರಡು ತಿಂಗಳಿಗೆ ಜೇನ್ ಕೂಡ ಹೋದರು. ಆಮೇಲೆ 2023ರಲ್ಲಿ ಸಿಸ್ಮನ್ ಬಿಟ್ಟದ್ದನ್ನೆಲ್ಲ ಸೇರಿಸಿ ಇನ್ನೊಂದು ಪುಸ್ತಕ ತಂದರು.

ಅದರಲ್ಲಿ ಬರುವ ವಿಧಾನಗಳನ್ನು ನೋಡಿ. ಗುಟ್ಟಿನ ವಿಳಾಸಕ್ಕೆ ಪತ್ರ, ಭೇಟಿಗೆ ಗುಟ್ಟಿನ ಮನೆ. ಬರ್ಲಿನ್‌ನಲ್ಲಿ ಬಳಸಬೇಕಾದ ವಿದ್ಯೆಯನ್ನೆಲ್ಲ ಮನೆಯವರ ಮೇಲೆ ಬಳಸಿದ. ಈ ಎರಡು ಮುಖದ ಒತ್ತಡವೇ ತನ್ನ ಬರವಣಿಗೆಗೆ ಬೇಕೇಬೇಕಾದ ಅಮಲಿನ ಹಾಗೆ ಆಗಿತ್ತು ಎಂಬರ್ಥದ ಮಾತನ್ನು ಜೀವನಚರಿತ್ರೆಕಾರನಿಗೆ ತಾನೇ ಬರೆದಿದ್ದ.

ಜೇನ್ ಏನು ಮಾಡುತ್ತಿದ್ದರು ಗೊತ್ತಾ? ಅವನು ಎಲ್ಲವನ್ನೂ ಕೈಯಲ್ಲಿ ಬರೆಯುತ್ತಿದ್ದ. ಅದನ್ನು ಟೈಪ್ ಮಾಡುತ್ತಿದ್ದವರು ಜೇನ್. ಅವನು ಮತ್ತೆ ಕತ್ತರಿಸಿ ಅಂಟಿಸುತ್ತಿದ್ದ, ಅವರು ಮತ್ತೆ ಟೈಪ್ ಮಾಡುತ್ತಿದ್ದರು. ಬರೀ ಟೈಪ್ ಅಲ್ಲ, ಎಲ್ಲಿ ಜೊಳ್ಳು, ಎಲ್ಲಿ ಗಟ್ಟಿ ಎಂದು ಹೇಳುತ್ತಿದ್ದವರೂ ಅವರೇ. ಅವರ ಮಗ, ತಾನೂ ಕಾದಂಬರಿಕಾರ, ಇದನ್ನು ಬಿಡಿಸಿ ಬರೆದಿದ್ದಾನೆ. ಮುಖಪುಟದ ಮೇಲೆ ಅವರ ಹೆಸರು ಎಲ್ಲಿದೆ?

ಹುಣಸೆಬೀಜ

ಇಷ್ಟಾದ ಮೇಲೂ "ಅಪ್ಪ ಮೋಸಗಾರ, ಪಾಪ" ಅನ್ನುತ್ತೀರಾ ಮೂಲೆಸೀಟು?

ಮೂಲೆಸೀಟು

ಪಾಪ ಎಂದು ನಾನು ಎಲ್ಲೂ ಬರೆದಿಲ್ಲ, ಮೇಲೆ ಹೋಗಿ ನೋಡಿ. ಬರುವಾಗಲೇ ತಂದಿದ್ದ ಎಂದೆ. ಕ್ಷಮಿಸಿ ಎನ್ನಲಿಲ್ಲ.

ಆದರೆ ಜೇನ್ ವಿಷಯ ನಿಜಕ್ಕೂ ಬಿಟ್ಟಿದ್ದೆ. ನಾನು ಕೇಳಿದ ಪ್ರಶ್ನೆ ಯಾರಿಗೆ ನಿಜ ಹೇಳಿದ್ದ ಎಂದು. ಎಲ್ಲ ಕರಡನ್ನೂ ಮೊದಲು ಓದುತ್ತಿದ್ದ ಹೆಂಗಸು ಎದುರಿಗೇ ಕೂತಿದ್ದರು, ನನಗೆ ಕಾಣಲಿಲ್ಲ. ಆ ಕರಡುಗಳಲ್ಲಿ ಗಂಡಂದಿರು ಸುಳ್ಳು ಹೇಳುತ್ತಾರೆ, ಸಿಕ್ಕಿಬೀಳುತ್ತಾರೆ. ಅದನ್ನು ಟೈಪ್ ಮಾಡುವಾಗ ಅವರಿಗೆ ಏನನ್ನಿಸಿರಬಹುದು?

ಕಡತದ_ಧೂಳು

ನನಗೆ ಅವನ ಒಂದು ಗಟ್ಟಿತನವೂ ಕಾಣುತ್ತದೆ. ಕಿಮ್ ಫಿಲ್ಬಿ ವಿಷಯ.

ಹೊಸಬರಿಗೆ: ಫಿಲ್ಬಿ ಎಂಐ6ನಲ್ಲಿ ಸೋವಿಯತ್ ವಿರುದ್ಧ ಕೆಲಸ ಮಾಡುವ ವಿಭಾಗಕ್ಕೇ ಮುಖ್ಯಸ್ಥನಾಗಿದ್ದ. ಅವನೇ ಸೋವಿಯತ್ ಏಜೆಂಟ್. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 1963ರ ಜನವರಿಯಲ್ಲಿ ಬೈರೂತ್‌ನಿಂದ ಮಾಸ್ಕೋಗೆ ಪರಾರಿಯಾದ.

ಗ್ರೀನ್ ಯುದ್ಧಕಾಲದಲ್ಲಿ ಫಿಲ್ಬಿಯ ಕೈಕೆಳಗೆ ಕೆಲಸ ಮಾಡಿದವನು. ಗೆಳೆತನ ಬಿಡಲಿಲ್ಲ. 1968ರಲ್ಲಿ ಫಿಲ್ಬಿಯ ಆತ್ಮಕಥೆಗೆ ಮುನ್ನುಡಿ ಬರೆದ. ಮುದುಕನಾದ ಮೇಲೆ ಮಾಸ್ಕೋಗೆ ಹೋಗಿ ಅವನನ್ನು ಕಂಡು ಬಂದ. ಲೆ ಕಾರೆ ಅದೇ 1968ರಲ್ಲಿ ಪತ್ರಕರ್ತರು ಬರೆದ ಫಿಲ್ಬಿ ಪುಸ್ತಕಕ್ಕೆ ಖಾರವಾದ ಮುನ್ನುಡಿ ಬರೆದ. 1987ರಲ್ಲಿ ಮಾಸ್ಕೋಗೆ ಹೋದಾಗ ಫಿಲ್ಬಿ ಭೇಟಿಯಾಗಬೇಕು ಅನ್ನುತ್ತಿದ್ದಾನೆ ಎಂದು ಹೇಳಿ ಕಳಿಸಿದರು. ಹೋಗಲಿಲ್ಲ. ತನ್ನ ಕಾದಂಬರಿಯ ದ್ರೋಹಿ ಪಾತ್ರಕ್ಕೆ ಆಧಾರವಾದವನನ್ನು ನೋಡುವ ಅವಕಾಶ ಸಿಕ್ಕರೆ ಯಾವ ಬರಹಗಾರ ಬಿಡುತ್ತಾನೆ ಹೇಳಿ? ಅವನು ಬಿಟ್ಟ.

ಹುಣಸೆಬೀಜ

ಗಟ್ಟಿತನವೋ ಭಯವೋ. ಫಿಲ್ಬಿಯ ಅಪ್ಪನೂ ಊರಿಗೆಲ್ಲ ಗೊತ್ತಿದ್ದ ವಿಚಿತ್ರ ಮನುಷ್ಯ, ಅವನೂ ಒಳ್ಳೆ ಶಾಲೆ, ಒಳ್ಳೆ ಮಾತು, ಎಲ್ಲರಿಗೂ ಇಷ್ಟ. ಕನ್ನಡಿ ನೋಡಲು ಕೆಲವರಿಗೆ ಹೆದರಿಕೆ ಇರುತ್ತದೆ. ದಾರಿ ಸ್ವಲ್ಪ ತಪ್ಪಿದ್ದರೆ ತಾನೇ ಅಲ್ಲಿ ಇರುತ್ತಿದ್ದೆ ಎಂದು ಅವನಿಗೆ ಅನ್ನಿಸಿರಬೇಕು. ನನ್ನ ಊಹೆ ಇದು, ಪುರಾವೆ ಕೇಳಬೇಡಿ.

ಕಡತದ_ಧೂಳು

ಊಹೆ ಚೆನ್ನಾಗಿದೆ, ಒಪ್ಪಲು ಮನಸ್ಸಿಲ್ಲ.

ಬೆಕ್ಕಿನ_ಹೆಜ್ಜೆ

ನಡುವೆ ಬಾಯಿ ಹಾಕುತ್ತೇನೆ. ಇಲಾಖೆಯ ಒಳಗೇ ಸೇರಿಕೊಂಡ ಶತ್ರುವಿನ ಏಜೆಂಟ್‌ಗೆ 'ಮೋಲ್' ಅನ್ನುತ್ತಾರಲ್ಲ, ಕನ್ನಡದಲ್ಲಿ ಏನನ್ನಬಹುದು?

ನೀಲಿಶಾಯಿ

ಆ ಪದವನ್ನು ಜನರ ಬಾಯಿಗೆ ತಂದವನೇ ಲೆ ಕಾರೆ. ಅವನು ಕಟ್ಟಿದ ಪದಗಳಲ್ಲಿ ಕೆಲವನ್ನು ಆಮೇಲೆ ನಿಜವಾದ ಬೇಹುಗಾರರೇ ಬಳಸತೊಡಗಿದರು. ಕನ್ನಡಕ್ಕೆ 'ಹೆಗ್ಗಣ'?

ಕಡತದ_ಧೂಳು

ಹೆಗ್ಗಣ ಕಣ್ಣಿಗೆ ಬೀಳುತ್ತದೆ, ಸದ್ದು ಮಾಡುತ್ತದೆ. 'ಗೆದ್ದಲು' ಅನ್ನಿ. ಬಾಗಿಲು ಮುಟ್ಟಿದಾಗಲೇ ಒಳಗೆ ಪೊಳ್ಳು ಎಂದು ಗೊತ್ತಾಗುವುದು.

ಓದೋದೇ_ಕೆಲಸ

ಗೆದ್ದಲು ಒಂಟಿಯಾಗಿ ಇರುವುದಿಲ್ಲ, ಗುಂಪು. ಆದರೂ ಹೆಗ್ಗಣಕ್ಕಿಂತ ವಾಸಿ.

ಮೂಲೆಸೀಟು

ಗೆದ್ದಲಿಗೆ ನನ್ನ ಓಟು.

ಹುಣಸೆಬೀಜ ಮೊದಲು ಹೇಳಿದ್ದರಲ್ಲ, ಗೂಢಚಾರ ಅನ್ನುವುದು ಬರೀ ಚೀಟಿ ಎಂದು. ಅದಕ್ಕೆ ಈಗ ಉತ್ತರ ಸಿಕ್ಕಿತು ಅನ್ನಿಸುತ್ತದೆ. ಅಮೆರಿಕದ ಪೀಟರ್ ಮ್ಯಾಥಿಸನ್‌ನನ್ನು ನೋಡಿ. 1950ರ ದಶಕದ ಶುರುವಿನಲ್ಲಿ ಪ್ಯಾರಿಸ್‌ನಲ್ಲಿ ಸಿಐಎ ಏಜೆಂಟ್. ಗೆಳೆಯರ ಜೊತೆ ಸೇರಿ ಒಂದು ಸಾಹಿತ್ಯ ಪತ್ರಿಕೆ ಶುರು ಮಾಡಿದ. ಅದು ಅವನಿಗೆ ಮುಸುಕೂ ಆಗಿತ್ತು. ಮುಸುಕೂ ಆಗಿದ್ದ ಆ ಪತ್ರಿಕೆ ಇವತ್ತಿಗೂ ಬರುತ್ತಿದೆ. ಅವನು ಬೇಗನೆ ಸಿಐಎ ಬಿಟ್ಟ, ಬರಹ ಬಿಡಲಿಲ್ಲ. ಅದೇ ಸಿಐಎಯ ಹೊವಾರ್ಡ್ ಹಂಟ್ ಡಜನ್‌ಗಟ್ಟಲೆ ಬೇಹುಗಾರಿಕೆ ಕಾದಂಬರಿ ಬರೆದ, ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಕಳ್ಳತನದಲ್ಲಿ ಸಿಕ್ಕಿ ಜೈಲಿಗೆ ಹೋದ. ಅವನ ಕಾದಂಬರಿ ಈಗ ಯಾರು ಓದುತ್ತಾರೆ? ಗೂಢಚಾರನಾಗಿದ್ದರೆ ಸಾಲದು ಎಂದು ಹಂಟ್‌ನಿಂದ ಗೊತ್ತಾಗುತ್ತದೆ. ಹಾಗಾಗಿ ಚೀಟಿ ಎಂದಿದ್ದು ಅರ್ಧ ಸರಿ.

ಹುಣಸೆಬೀಜ

ಅರ್ಧ ಸಿಕ್ಕಿತಲ್ಲ, ಸಾಕು. ನನ್ನ ಕಡೆಯಿಂದಲೂ ಅರ್ಧ ಕೊಡುತ್ತೇನೆ. ಇಲಾಖೆ "ಇದು ನಿಜವಲ್ಲ" ಎಂದು ಒಪ್ಪಿಗೆ ಕೊಟ್ಟದ್ದನ್ನು ಬರೆದಿರಲ್ಲ, ಅದನ್ನು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಅವರಿಗೆ ಗುಟ್ಟು ಅಂದರೆ ಹೆಸರು, ವಿಳಾಸ, ತಾರೀಖು. ಅವೆಲ್ಲ ಪುಸ್ತಕದಲ್ಲಿ ಸುಳ್ಳೇ. ನಮ್ಮ ಕಡೆಯವರೂ ಕೆಲಸ ಮುಗಿದ ಮೇಲೆ ಮನುಷ್ಯರನ್ನು ಬಿಸಾಡುತ್ತಾರೆ ಎಂಬುದು ಪುಸ್ತಕದಲ್ಲಿ ನಿಜ. ಅದಕ್ಕೆ ಠಸ್ಸೆ ಒತ್ತುವ ಗುಮಾಸ್ತ ಅಲ್ಲಿ ಇರಲಿಲ್ಲ.

ಕಡತದ_ಧೂಳು

ಗುಮಾಸ್ತರ ತಂಟೆಗೆ ಬರಬೇಡಿ 🙂

ಬೆ‌ಕ್ಕಿನ_ಹೆಜ್ಜೆ

ನಿಮ್ಮ ಮಾತು ಓದಿ ಓದಿ ತಡೆಯಲಾಗಲಿಲ್ಲ. ನಿನ್ನೆ ರಾತ್ರಿ ಅವನ ಮೊಟ್ಟಮೊದಲ ಕಾದಂಬರಿ, 1961ರದ್ದು, ಶುರು ಮಾಡಿದೆ. ನಾನು ಗುಂಡು, ಗೋಡೆ, ಕತ್ತಲು ಇರುತ್ತದೆ ಅಂದುಕೊಂಡಿದ್ದೆ. ಮೊದಲ ಅಧ್ಯಾಯ ಒಂದು ಮದುವೆಯ ಕಥೆ! ದಪ್ಪಗೆ ಕುಳ್ಳಗೆ ಇರುವ ಸ್ಮೈಲಿಯನ್ನು ಸುಂದರಿ ಲೇಡಿ ಆನ್ ಮದುವೆಯಾಗುತ್ತಾಳೆ. ಎರಡು ವರ್ಷಕ್ಕೆ ಕಾರು ಓಟಗಾರನೊಬ್ಬನ ಜೊತೆ ಹೊರಟುಹೋಗುತ್ತಾಳೆ. ಪಾಪ ಅನ್ನಿಸಿತು ಸ್ಮೈಲಿಗೆ. ಮುಂದೆಯೂ ಅವಳು ಹೀಗೇ ಮಾಡುತ್ತಾಳಾ?

ನೀಲಿಶಾಯಿ

ಮುಂದಿನ ಪುಸ್ತಕಗಳಲ್ಲೂ ಅದೇ. ಆನ್ ತಪ್ಪುತ್ತಾಳೆ, ಸ್ಮೈಲಿ ಕಾಯುತ್ತಾನೆ.

ಓದೋದೇ_ಕೆಲಸ

ಲೆ ಕಾರೆಯ ಮೊದಲ ಹೆಂಡತಿಯ ಹೆಸರನ್ನು ನಾನು ಮೇಲೆ ಬರೆದಿರಲಿಲ್ಲ, ಅಲ್ವಾ?

ಆನ್.

ಬೆಕ್ಕಿನ_ಹೆಜ್ಜೆ

ಅಯ್ಯೋ. ತಪ್ಪಿದವನು ಅವನಲ್ವಾ?

ಓದೋದೇ_ಕೆಲಸ

ಹೌದು. ಈ ಕಾದಂಬರಿ ಬಂದಾಗ ಆಕೆ ಇನ್ನೂ ಅವನ ಮನೆಯಲ್ಲೇ ಇದ್ದರು.

ಬೆಕ್ಕಿನ_ಹೆಜ್ಜೆ

ಮೊದಲ ಅಧ್ಯಾಯ ಮತ್ತೆ ಓದುತ್ತೇನೆ. ನಿನ್ನೆ ಸ್ಮೈಲಿಯ ಕಡೆ ನಿಂತು ಓದಿದ್ದೆ.